ನೀರಿನ ಮೇಲಿನ ಪೊರೆ ನೋಡಿ, ಆಮೇಲೆ ನೀರು ಬಿಡಿ

ಜೋರು ಮಳೆ ಬಿದ್ದ ಮರುದಿನ ಬೆಳ್ಳಂದೂರು ಕೆರೆ ಕೋಡಿ ಹತ್ತಿರ ನೊರೆ ಏಳೋದು ನಮ್ಮ ಕಡೆಯವರಿಗೆ ಹೊಸದಲ್ಲ. ಸುಮಾರು 900 ಎಕರೆಯ ಈ ಕೆರೆಯಲ್ಲಿ 2015ರ ಮೇ ತಿಂಗಳಲ್ಲಿ ನೊರೆಗೇ ಬೆಂಕಿ ಹತ್ತಿತ್ತು. 2017ರ ಫೆಬ್ರವರಿ, 2018ರ ಜನವರಿಯಲ್ಲೂ ಕೆರೆಯಂಗಳದಿಂದ ಹೊಗೆ ಎದ್ದಿತ್ತು. ಟೀವಿಯವರು ಬಂದು ಹೋದರು. ಆದರೆ ಇಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿಯುವ ನೀರಿನ ದಾರಿಯಲ್ಲಿ ಸೊಪ್ಪು ತರಕಾರಿ ಬೆಳೆಯುವವರ ಪ್ರಶ್ನೆಯೇ ಬೇರೆ: ಈ ನೀರನ್ನ ಮಡಿಗೆ ಬಿಡಬಹುದಾ?

ತೋಟಗಾರಿಕೆ ಓದಿ, ಈಗ ಸಾವಯವ ಸೊಪ್ಪು ಬೆಳೀತಿರೋ ನನಗೂ ಇದೇ ಪ್ರಶ್ನೆ. ಉತ್ತರದ ಒಂದು ಭಾಗ ನೀರಿನ ಮೇಲಿನ ತೆಳು ಪೊರೆಯಲ್ಲಿದೆ.

ಪೊರೆ ಕಟ್ಟೋದು ಹೇಗೆ?

ಕಾಸಿದ ಹಾಲಿನ ಮೇಲೆ ಕೆನೆ ಕಟ್ಟೋದನ್ನ ದಿನಾ ನೋಡ್ತೀವಿ. ನೀರಿನ ಮೇಲೂ ಅಂಥದ್ದೇ ಪೊರೆ ಕಟ್ಟತ್ತೆ, ಆದರೆ ಬಹಳ ತೆಳು. ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಆಗಲ್ಲ. ಹಾಗಾಗಿ ಅದು ತಲೆಯನ್ನ ನೀರಲ್ಲಿ ಊರಿ, ಬಾಲವನ್ನ ಗಾಳಿಗೆ ಚಾಚಿ, ಗದ್ದೆಯ ಪೈರಿನ ಥರ ನಿಲ್ಲತ್ತೆ.

1774ರಲ್ಲಿ ಪ್ರಕಟವಾದ ಬರಹದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಒಂದು ಟೀ ಚಮಚ ಎಣ್ಣೆ ಲಂಡನ್ನಿನ ಕೊಳವೊಂದರಲ್ಲಿ ಅರ್ಧ ಎಕರೆಯಷ್ಟು ಹರಡಿ ಅಲೆಗಳನ್ನ ಸುಮ್ಮನಾಗಿಸಿದ್ದನ್ನ ಹೇಳಿದ್ದಾರೆ. ಲೆಕ್ಕ ಹಾಕಿ: 5 ಮಿಲಿ ಎಣ್ಣೆ 20 ಗುಂಟೆಗೆ ಹರಡಿದರೆ ದಪ್ಪ ಒಂದು ಮಿಲಿಮೀಟರಿನ 4 ಲಕ್ಷದಲ್ಲಿ ಒಂದು ಭಾಗ. ಅಂದ್ರೆ ಹೆಚ್ಚುಕಡಿಮೆ ಒಂದೇ ಅಣುವಿನ ದಪ್ಪ.

ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಮನೆಯ ಅಡುಗೆಮನೆಯಲ್ಲೇ ತಗಡಿನ ತೊಟ್ಟಿ ಇಟ್ಟುಕೊಂಡು, ಈ ಪೊರೆಯನ್ನ ಪಟ್ಟಿಯಿಂದ ಒತ್ತರಿಸಿ ನೋಡಿದರು. ಅವರ ಪತ್ರ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಜಾಗ ಇದ್ದಾಗ ಅಣುಗಳು ಅಡ್ಡಾದಿಡ್ಡಿ ಬಿದ್ದಿರತ್ವೆ. ಒತ್ತರಿಸಿದರೆ ಎದ್ದು ಸಾಲುಗಟ್ಟತ್ವೆ. ಆ ಅಚ್ಚುಕಟ್ಟು ಸಾಲೇ ಹರಳಿನ ಗುಣ. ಸರದಂತೆ ಉದ್ದ ಇರೋ ಪಾಲಿಮರ್‌ಗಳಲ್ಲೂ ಕೆಲವು ನೀರಿನ ಮೇಲೆ ಹೀಗೇ ಮಡಚಿಕೊಂಡು ಹರಳುಗಟ್ಟತ್ವೆ. ಆಗ ಪೊರೆ ಗಟ್ಟಿ. ಹರಳುಗಟ್ಟದೆ ಉಳಿದರೆ ಮೆದು. ಈ ಗಟ್ಟಿ, ಮೆದು ವ್ಯತ್ಯಾಸ ತೋಟದಲ್ಲೂ ಕೆಲಸಕ್ಕೆ ಬರತ್ತೆ.

ಕಡ್ಡಿ ಪರೀಕ್ಷೆ

ಕೃಷಿ ಹೊಂಡ ಅಥವಾ ತೊಟ್ಟಿಯ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಒಂದು ಕಡ್ಡಿಯಿಂದ ಕಲಕಿ.

- ಗಾಜಿನ ಚೂರಿನಂತೆ ಒಡೆದು, ಚೂರುಗಳು ಮತ್ತೆ ಕೂಡದಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಗಿಡಕ್ಕೆ ವಿಷವಲ್ಲ, ಆದರೆ ಡ್ರಿಪ್ ಕಟ್ಟತ್ತೆ. ನೀರನ್ನ ಎತ್ತರದಿಂದ ತೊಟ್ಟಿಗೆ ಬೀಳಿಸಿ, ಕೆಂಪು ಗಸಿ ಕೂತ ಮೇಲೆ ಫಿಲ್ಟರ್ ಮೂಲಕ ಬಿಡಿ.
- ಸುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಡೀಸೆಲ್, ಆಯಿಲ್ ಇರಬಹುದು. ಪಂಪ್‌ಸೆಟ್ ಸೋರಿಕೆ ನೋಡಿ, ಆ ನೀರು ನಿಲ್ಲಿಸಿ.

ನೊರೆ ಇಲ್ಲ ಅಂದ್ರೆ ನೀರು ಚೆನ್ನಾಗಿದೆ ಅಂತಲ್ಲ

ನೊರೆಯ ಗುಳ್ಳೆಯೂ ಪೊರೆಯೇ. ನಡುವೆ ನೀರು, ಎರಡೂ ಮುಖಕ್ಕೆ ಸಾಬೂನಿನ ಅಣುಗಳ ಸಾಲು. ಬಟ್ಟೆ, ಪಾತ್ರೆ ತೊಳೆದ ಪುಡಿಯೆಲ್ಲ ಒಳಚರಂಡಿ ನೀರಿನ ಜೊತೆ ಕೆರೆಗೆ ಬಂದು ಹೂಳಿಗೆ ಅಂಟಿ ಕೂರತ್ತೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿವರಿಸಿದ್ದಾರೆ. ದೊಡ್ಡ ಮಳೆ ಹೂಳನ್ನ ಕದಡತ್ತೆ, ಕೋಡಿಯಲ್ಲಿ ಬೀಳುವಾಗ ಗಾಳಿ ಸೇರತ್ತೆ, ನೊರೆ ಏಳತ್ತೆ. ಬೇಸಿಗೆಯಲ್ಲಿ ನೊರೆ ಕಾಣದಿದ್ದರೆ ಸರಕು ಹೂಳಲ್ಲೇ ಮಲಗಿದೆ ಅಷ್ಟೆ. ಜೊತೆಗೆ ರೋಗಾಣು, ಭಾರಲೋಹಗಳು ನೊರೆ ಬರಿಸಲ್ಲ. ಅವನ್ನ ಲ್ಯಾಬ್‌ನಲ್ಲೇ ನೋಡಬೇಕು.

ನನ್ನ ಎಡವಟ್ಟು

ಶುರುವಿನ ವರ್ಷ ಕೊಳವೆಬಾವಿ ನೀರಿಗೆ ನೇರವಾಗಿ ಸಾಬೂನು, ಬೇವಿನ ಎಣ್ಣೆ ಸುರಿದು ಸ್ಪ್ರೇ ಮಾಡಿದೆ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನನ್ನ ಹಿಡಿದು ಬಿಳಿ ಗಸಿ ಮಾಡ್ತು, ನಾಜಲ್ ಕಟ್ಟಿತು. ಹಿಡಿಯೋಕೆ ಸಾಬೂನು ಇಲ್ಲದೆ ಎಣ್ಣೆ ಬೇರೆಯಾಗಿ ಮೇಲೆ ತೇಲಿತು. ಟ್ಯಾಂಕಿನ ಕೊನೆ ಭಾಗ ಬರೀ ಎಣ್ಣೆ. ಮೂರು ಮಡಿ ಮೆಂತ್ಯ ಎಲೆ ಸುಟ್ಟು ಹೋಯ್ತು. ಓದಿದ್ದು ಪರೀಕ್ಷೆಗೆ ಬಂತು, ಹೊಲಕ್ಕೆ ಬರಲಿಲ್ಲ!

ಈಗ ನಾನು ಮಾಡೋದು

1. ಸ್ಪ್ರೇಗೆ ಮಳೆನೀರು ಹಿಡಿದಿಡ್ತೀನಿ. ಮೊದಲು ಸ್ವಲ್ಪ ನೀರಲ್ಲಿ ಸಾಬೂನು ಕರಗಿಸಿ, ಲೀಟರಿಗೆ 5 ಮಿಲಿ ಲೆಕ್ಕದಲ್ಲಿ ಬೇವಿನ ಎಣ್ಣೆ ಸೇರಿಸಿ, ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು. ಮೇಲೆ ಎಣ್ಣೆ ಪೊರೆ ಕಂಡರೆ ಸ್ಪ್ರೇ ಮಾಡಲ್ಲ.
2. ನಾಲ್ಕೈದು ಗಿಡಕ್ಕೆ ಹೊಡೆದು, ಎರಡು ದಿನ ಬಿಟ್ಟು ನೋಡಿ ಉಳಿದದ್ದಕ್ಕೆ. ಸಂಜೆ ಮಾತ್ರ.
3. ಹೊಸ ನೀರಿನ ಮೂಲವಾದರೆ ಬಾಟಲಿಗೆ ಅರ್ಧ ತುಂಬಿ ಚೆನ್ನಾಗಿ ಕುಲುಕ್ತೀನಿ. ನೊರೆ ಬಹಳ ಹೊತ್ತು ನಿಂತರೆ ಅನುಮಾನ. ನಿಲ್ಲದಿದ್ದರೂ ಲ್ಯಾಬ್‌ಗೆ ಕೊಡ್ತೀನಿ. ಲವಣಾಂಶ, ಭಾರಲೋಹ, ರೋಗಾಣು ಮೂರೂ ಕೇಳಿ ಬರೆಸ್ತೀನಿ.
4. ಹಸಿಯಾಗಿ ತಿನ್ನೋ ಕೊತ್ತಂಬರಿ, ಮೂಲಂಗಿ, ಸೌತೆಗೆ ರಾಜಕಾಲುವೆ ನೀರು ಬೇಡವೇ ಬೇಡ.

ನಾಲ್ಕನೇದು ಹೇಳೋದು ಸುಲಭ, ಪಾಲಿಸೋದು ಕಷ್ಟ. ಏಪ್ರಿಲ್‌ನಲ್ಲಿ ಬೋರ್ ಕೈಕೊಟ್ಟಾಗ ಪಕ್ಕದಲ್ಲೇ ಕಾಲುವೆ ತುಂಬಿ ಹರೀತಿರತ್ತೆ, ಸೊಪ್ಪಿಗೆ ಆಗಲೇ ಒಳ್ಳೇ ರೇಟು. ಆದರೂ ಆ ತಿಂಗಳು ಅರ್ಧ ಮಡಿ ಖಾಲಿ ಬಿಡ್ತೀನಿ. ಗೊಬ್ಬರ ಸಾವಯವ, ನೀರು ಮಾತ್ರ ಚರಂಡಿಯದ್ದು ಅಂದ್ರೆ ಗಿರಾಕಿಗೆ ಏನಂತ ಉತ್ತರ ಕೊಡೋದು? ಈ ವಾರ ನಿಮ್ಮ ತೊಟ್ಟಿ ಹತ್ತಿರ ಹೋಗಿ, ಒಂದು ಕಡ್ಡಿ ತಗೊಂಡು ಕಲಕಿ ನೋಡಿ.