ಎಂಜೈಮ್ ಪ್ಯಾಕೆಟ್ಟಿಗೆ ಮುಂಚೆ ಫೀಡು ಸರಿಮಾಡಿ

ನಮ್ಮ ಬಾಗೂರು ಕಡೆ ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವ ಮನೆ ಬಹಳ. ನಾಟಿ ಕೋಳಿ ಜೊತೆ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿಯೂ ಇದೆ. ಮೊಟ್ಟೆ ದುಡ್ಡು ಹೆಂಗಸರ ಕೈಖರ್ಚಿಗೆ. ‘ಎಂಜೈಮ್ ಹಾಕಿ, ಕೋಳಿ ಬೇಗ ತೂಕ ಬರುತ್ತೆ’ ಅನ್ನೋ ಮಾತು ಈಗ ಹಿತ್ತಲ ಕೋಳಿಯವರ ಕಿವಿಗೂ ಬಿದ್ದಿದೆ. ಮಾತು ಸುಳ್ಳಲ್ಲ. ಆದರೆ ಯಾವ ಫೀಡಿಗೆ ಯಾವ ಎಂಜೈಮ್ ಅಂತ ತಿಳಿಯದೆ ಕೊಂಡರೆ ಮೊಟ್ಟೆ ದುಡ್ಡೆಲ್ಲ ಪ್ಯಾಕೆಟ್ಟಿಗೇ ಹೋಗುತ್ತೆ.

ಬೀಗಕ್ಕೆ ತಕ್ಕ ಕೀಲಿ

ತಿಂದದ್ದನ್ನು ಒಡೆದು ಮೈಗೆ ಹತ್ತುವ ಹಾಗೆ ಮಾಡೋದೇ ಎಂಜೈಮ್, ಅಂದರೆ ಕಿಣ್ವ. ಕೋಳಿ ಹೊಟ್ಟೆಯಲ್ಲೇ ಬೇಕಾದಷ್ಟು ಕಿಣ್ವ ಹುಟ್ಟುತ್ತೆ. ಕೆಲವು ಪದಾರ್ಥ ಮಾತ್ರ ಅದರ ಕೈಗೆ ಸಿಕ್ಕೋದಿಲ್ಲ. ಕಾಳಿನಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಭಾಗ ಫೈಟೇಟ್ ರೂಪದಲ್ಲಿ ಬೀಗ ಹಾಕಿದಂತೆ ಇರುತ್ತೆ. ಅದನ್ನು ತೆಗೆಯೋ ಕೀಲಿ ಫೈಟೇಸ್. 1991ರಲ್ಲಿ ಇದು ಮೊದಲು ಮಾರುಕಟ್ಟೆಗೆ ಬಂತು.

ಗೋಧಿ, ಬಾರ್ಲಿಯ ನಾರು ಕರುಳಲ್ಲಿ ಅಂಟಂಟಾಗುತ್ತೆ, ಹಿಕ್ಕೆಯೂ ಅಂಟಾಗುತ್ತೆ. ಅಲ್ಲಿ ಕ್ಸೈಲನೇಸ್, ಗ್ಲುಕನೇಸ್ ಚೆನ್ನಾಗಿ ಕೆಲಸ ಮಾಡುತ್ತವೆ. ಅದಕ್ಕೇ ಗೋಧಿ, ಬಾರ್ಲಿ ತಿನ್ನಿಸುವ ಯುರೋಪಿನಲ್ಲಿ ಇವುಗಳ ಬಳಕೆ ಜಾಸ್ತಿ. ನಮ್ಮ ಮೆಕ್ಕೆಜೋಳ, ಬಿಳಿಜೋಳದಲ್ಲಿ ಆ ಅಂಟಿನ ಕಾಟ ಕಡಿಮೆ. ಅಲ್ಲಿಯ ಲಾಭ ಇಲ್ಲಿ ಅಷ್ಟೇ ಸಿಗುತ್ತೆ ಅಂತ ನಂಬಬೇಡಿ. ಕೊಬ್ಬರಿ ಹಿಂಡಿಯ ನಾರಿಗೆ ಬೇಕಾದ ಕೀಲಿ ಮನ್ನನೇಸ್, ಅದು ಬೇರೆಯೇ.

ಕೊರತೆ ಇರೋದು ಬೇರೆ ಕಡೆ

ಹಿತ್ತಲ ಕೋಳಿಗೆ ನಾವು ಹಾಕೋದು ರಾಗಿ, ಸಾವೆ, ಮೆಕ್ಕೆಜೋಳದ ನುಚ್ಚು. ಮೆಕ್ಕೆಜೋಳದಲ್ಲಿ ಪ್ರೋಟೀನು ಸುಮಾರು 9 ಪಾಲು, ರಾಗಿಯಲ್ಲಿ 7. ಮೊಟ್ಟೆ ಇಡುವ ಕೋಳಿಗೆ ನೂರಕ್ಕೆ 16ರ ಹತ್ತಿರ ಬೇಕು, ಎಳೆ ಮರಿಗೆ 20ರ ಮೇಲೆ. ಇಲ್ಲದ ಪ್ರೋಟೀನನ್ನು ಯಾವ ಎಂಜೈಮೂ ತಂದುಕೊಡಲ್ಲ.

ಮೊಟ್ಟೆ ಇಡುವ ಕೋಳಿಗೆ 10 ಕಿಲೋ ಫೀಡಿನ ಒಂದು ಲೆಕ್ಕ: ಮೆಕ್ಕೆಜೋಳ 4 ಕಿಲೋ, ಸಜ್ಜೆ 2 ಕಿಲೋ, ಅಕ್ಕಿ ತೌಡು 1 ಕಿಲೋ, ಶೇಂಗಾ ಹಿಂಡಿ 2 ಕಿಲೋ, ಕಪ್ಪೆಚಿಪ್ಪಿನ ನುಚ್ಚು 700 ಗ್ರಾಂ, ಕೋಳಿಯ ಖನಿಜ ಮಿಶ್ರಣ 250 ಗ್ರಾಂ, ಉಪ್ಪು 50 ಗ್ರಾಂ. ಪ್ರೋಟೀನು 15ರ ಸುಮಾರಿಗೆ ಬರುತ್ತೆ. ಮಿಕ್ಕದ್ದನ್ನು ಗೆದ್ದಲು, ಹುಳ, ಸೊಪ್ಪು ತಿಂದು ಕೋಳಿಯೇ ಸರಿದೂಗಿಸಿಕೊಳ್ಳುತ್ತೆ. ಮರಿಗಳಿಗೆ ಮಾತ್ರ ಇಷ್ಟು ಚಿಪ್ಪು ಬೇಡ, ಮೂತ್ರಪಿಂಡ ಕೆಡುತ್ತೆ.

ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮೆಕ್ಕೆಜೋಳ ಬೇಡವೇ ಬೇಡ. ಅದರ ಅಫ್ಲಾಟಾಕ್ಸಿನ್ ವಿಷ ಕೋಳಿಯ ಈಲಿ ಕೆಡಿಸುತ್ತೆ. ಬೇಯಿಸಿದರೂ ಹೋಗಲ್ಲ, ಫೈಟೇಸ್ ಹಾಕಿದರೂ ಹೋಗಲ್ಲ. ಸೋಯಾ ಕಾಳನ್ನೂ ಹಸಿಯಾಗಿ ಹಾಕಬಾರದು, ಪ್ರೋಟೀನು ಅರಗಲು ಅದು ಬಿಡಲ್ಲ. ಹುರಿದರೆ ಆ ದೋಷ ಹೋಗುತ್ತೆ.

ಕಾಸಿಲ್ಲದ ಕಿಣ್ವ

ಕೂಸಿನ ರಾಗಿಸರಿಗೆ ನಮ್ಮ ಹೆಂಗಸರು ರಾಗಿ ನೆನೆಸಿ ಮೊಳಕೆ ಕಟ್ತಾರಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತೆ. ಮೊಳಕೆ ಒಡೆದಾಗ ಕಾಳಿನ ಒಳಗಿನ ಫೈಟೇಸೇ ಎಚ್ಚರವಾಗಿ ಬೀಗ ಸಡಿಲಿಸುತ್ತೆ. ಮೊಳಕೆ ಕಾಳನ್ನು ಅವತ್ತೇ ಹಾಕಿ, ಇಲ್ಲವೇ ಚೆನ್ನಾಗಿ ಒಣಗಿಸಿಡಿ.

ಕೊಳ್ಳುವವರಿಗೆ

ನೂರಾರು ಕೋಳಿ ಸಾಕಿ, ಫೀಡು ತಾವೇ ಕಲಸುವವರಿಗೆ ಎಂಜೈಮ್ ಲಾಭ ಕೊಡಬಹುದು. ಒಳಗಿರುವ ಎಂಜೈಮ್ ಯಾವುದು, ಯಾವ ಫೀಡಿಗೆ, ತಯಾರಾದ ತಾರೀಕು ಯಾವುದು, ಮೂರನ್ನೂ ಕೇಳಿ. ಕಂಪನಿ ಫೀಡು ಹಾಕುವವರು ಮೊದಲು ಚೀಲದ ಚೀಟಿ ಓದಿ, ಅದರಲ್ಲಿ ಎಂಜೈಮ್ ಆಗಲೇ ಸೇರಿರಬಹುದು. ಕುದಿಯುವ ಅಂಬಲಿಗೆ ಹಾಕಬೇಡಿ, ಬಿಸಿಗೆ ಅದು ಸತ್ತುಹೋಗುತ್ತೆ. ಹಾಕೋದು ಚಿಟಿಕೆ ಲೆಕ್ಕ, ಆದ್ದರಿಂದ ಮೊದಲು ಒಂದು ಬೊಗಸೆ ಹಿಟ್ಟಿಗೆ ಬೆರೆಸಿ, ಆಮೇಲೆ ಪೂರ್ತಿ ಫೀಡಿಗೆ ಕಲಸಿ.

ಯಾರ ಮಾತನ್ನೂ ನಂಬಬೇಕಿಲ್ಲ. ಒಂದೇ ದಿನದ ಮರಿಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ಕೂಡಿಹಾಕಿ. ಫೀಡು ಒಂದೇ, ಎಂಜೈಮ್ ಮಾತ್ರ ಒಂದು ಪಾಲಿಗೆ. ತಿಂದ ಫೀಡು, ಬಂದ ತೂಕ ಎರಡನ್ನೂ ವಾರಕ್ಕೊಮ್ಮೆ ಬರೆದಿಡಿ. ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಫೀಡು ಹೋಯ್ತು ಅನ್ನೋದು ಸಿಗುತ್ತೆ. ಉಳಿದ ಫೀಡಿನ ಬೆಲೆ ಪ್ಯಾಕೆಟ್ಟಿನ ಬೆಲೆಗಿಂತ ಜಾಸ್ತಿ ಬಂದರೆ ಕೊಳ್ಳಿ, ಇಲ್ಲದಿದ್ದರೆ ಆ ದುಡ್ಡಿಗೆ ಒಳ್ಳೇ ಹಿಂಡಿ ತನ್ನಿ.