ನಡುಹಗಲಲ್ಲಿ ಇಳಿಯುವ ಇರುಳು

ನಮ್ಮ ಒಂದೇ ಒಂದು ಜೀವಕೋಶದ ಡಿಎನ್‌ಎಯಲ್ಲಿ ಸುಮಾರು 620 ಕೋಟಿ ಜೋಡಿ ಅಕ್ಷರಗಳಿವೆ. ಪುಟಕ್ಕೆ 2,000ದಂತೆ ಅಚ್ಚು ಹಾಕಿಸಿದರೆ 31 ಲಕ್ಷ ಪುಟ! ಅದರಲ್ಲಿ 1,850 ಪುಟ ಕಳೆದುಹೋಯಿತೆನ್ನಿ. ಹತ್ತು ಸಾವಿರಕ್ಕೆ ಬರೀ ಆರು. ಆದರೆ ಆ ಪುಟಗಳು 17ನೇ ಕ್ರೋಮೋಸೋಮಿನ ಒಂದು ನಿರ್ದಿಷ್ಟ ಜಾಗದವಾದರೆ, ಹುಟ್ಟುವ ಮಗುವಿಗೆ ಹಗಲು ರಾತ್ರಿಗಳೇ ಅದಲುಬದಲಾಗುತ್ತವೆ.

ಇದು ಸ್ಮಿತ್-ಮೆಜೆನಿಸ್ ಸಿಂಡ್ರೋಮ್. 1980ರ ದಶಕದಲ್ಲಿ ಅಮೆರಿಕದ ಆನ್ ಸ್ಮಿತ್ ಮತ್ತು ಎಲೆನ್ ಮೆಜೆನಿಸ್ ಗುರುತಿಸಿದ್ದು. 15,000ದಿಂದ 25,000 ಜನರಲ್ಲಿ ಒಬ್ಬರಿಗೆ ಎಂಬ ಅಂದಾಜಿದೆ. 2011ರ ಜನಗಣತಿಯ ಕರ್ನಾಟಕಕ್ಕೆ ಕಡಿಮೆ ಲೆಕ್ಕವನ್ನೇ ಹಿಡಿದರೂ 2,400 ಮಂದಿ. ಕಾಯಿಲೆ ಬರಲು ಅಷ್ಟೊಂದು ಪುಟಗಳು ಹೋಗಬೇಕೆಂದೂ ಇಲ್ಲ. ಮುಖ್ಯ ಪೆಟ್ಟು ಬೀಳುವುದು ಆರ್‌ಎಐ1 ಎಂಬ ಒಂದೇ ಜೀನ್‌ಗೆ. ಅದರ ಪ್ರೋಟೀನಿನ ಬರಹ ನಮ್ಮ ಲೆಕ್ಕದಲ್ಲಿ ಮೂರು ಪುಟವೂ ಆಗದು. ಅದರೊಳಗಿನ ಒಂದೇ ಅಕ್ಷರ ಬಿಟ್ಟುಹೋಗಿ ಕಾಯಿಲೆ ಬಂದ ಉದಾಹರಣೆಗಳಿವೆ.

ನಮಗೆಲ್ಲ ನಿದ್ದೆಯ ಹೊತ್ತನ್ನು ಸಾರುವ ಮೆಲಟೋನಿನ್ ಹಾರ್ಮೋನು ಕತ್ತಲಾದಂತೆ ಏರಿ, ಬೆಳಗಿನ ಜಾವ 2ರಿಂದ 4ರೊಳಗೆ ತುದಿ ಮುಟ್ಟಿ, ಬೆಳಕು ಹರಿಯುವಾಗ ಇಳಿದಿರುತ್ತದೆ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಏರತೊಡಗುವುದೇ ಬೆಳಗ್ಗೆ 6ರ ಹೊತ್ತಿಗೆ, ತುದಿ ಮುಟ್ಟುವುದು ಮಧ್ಯಾಹ್ನ 12ಕ್ಕೆ. ಖುಷಿಯಾದಾಗ ತನ್ನನ್ನು ತಾನೇ ತಬ್ಬಿಕೊಳ್ಳುವ ಈ ಮಗು ಊಟದ ತಟ್ಟೆಯ ಮುಂದೆ ತೂಕಡಿಸಿದರೆ ಅದನ್ನು ಸೋಮಾರಿ ಎಂದು ಯಾರೂ ಗದರಬಾರದು. ಅದರ ರಕ್ತದಲ್ಲಿ ಆಗ ನಡುರಾತ್ರಿ.

ಆ ರಾತ್ರಿಯ ತೂಕವೆಷ್ಟು? ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅಂಥ ಕೆಲವು ಹತ್ತು ಪಾಲುಗಳು, ಪ್ರತಿ ಮಿಲಿಲೀಟರ್ ರಕ್ತದಲ್ಲಿ. ದೊಡ್ಡವರ ಐದು ಲೀಟರ್ ರಕ್ತದ್ದನ್ನೆಲ್ಲ ಒಟ್ಟುಗೂಡಿಸಿದರೂ ಪುಡಿ ಉಪ್ಪಿನ ಒಂದು ಹರಳಿನ ನೂರನೇ ಒಂದು ಪಾಲು ಆಗುವುದಿಲ್ಲ. ಮನುಷ್ಯನ ಇಡೀ ಇರುಳು ಅಷ್ಟರಲ್ಲಿ ಅಡಗಿದೆ ಎಂಬುದು ನನಗೆ ಇಂದಿಗೂ ನಂಬಲಾಗದ ಸಂಗತಿ.

ಫ್ರಾನ್ಸಿನ ವೈದ್ಯರು ಬೆಳಗ್ಗೆ ಬೀಟಾ ಬ್ಲಾಕರ್ ಎಂಬ ಬಗೆಯ ಔಷಧಿ ಕೊಟ್ಟು ಹಗಲಿನ ಮೆಲಟೋನಿನ್ ತಗ್ಗಿಸಿ, ಸಂಜೆ ಅದನ್ನೇ ಔಷಧಿಯಾಗಿ ಕೊಟ್ಟು ನೋಡಿದರು, ನಿದ್ದೆ ಸುಧಾರಿಸಿತು. 2020ರ ಡಿಸೆಂಬರಿನಲ್ಲಿ ಅಮೆರಿಕವು ಈ ಮಕ್ಕಳ ರಾತ್ರಿಯ ನಿದ್ದೆಗೆಂದು ಟಾಸಿಮೆಲ್ಟಿಯಾನ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು.

ಮಗು ರಾತ್ರಿಗೆ ಮೂರು ಸಲ ಎದ್ದರೂ ವರ್ಷಕ್ಕೆ 1,095 ಸಲ. ಅಷ್ಟು ಸಲವೂ ಅಮ್ಮನೋ ಅಪ್ಪನೋ ಏಳುತ್ತಾರೆ. ಮೂರು ಗಂಟೆಗೆ ದೀಪ ಹಾಕುವ ಆ ಅಮ್ಮನ ರಕ್ತದಲ್ಲಿ ಮೆಲಟೋನಿನ್ ಆಗಷ್ಟೇ ತುದಿ ಮುಟ್ಟಿರುತ್ತದೆ.