ಗೋಲಗುಮ್ಮಟ ನಿಂತ ಬಗೆ

ವಿಜಯಪುರಕ್ಕೆ ಹೋದವರು ಗೋಲಗುಮ್ಮಟದ ಗೋಪುರದ ಮೆಟ್ಟಿಲುಗಳನ್ನು ಏದುತ್ತ ಹತ್ತಿ, ಗುಮ್ಮಟದ ಒಳಸುತ್ತಿನಲ್ಲಿರುವ ಗ್ಯಾಲರಿಗೆ ಬಂದು, ಅಲ್ಲಿ ಒಮ್ಮೆ ಕೂಗಿ ಅದರ ಮರುದನಿಗಳನ್ನು ಎಣಿಸದೆ ಇಳಿಯುವುದಿಲ್ಲ. ಒಬ್ಬರು ಗೋಡೆಯ ಕಡೆ ಮುಖ ಮಾಡಿ ಪಿಸುಗುಟ್ಟಿದ್ದು ಎದುರು ಬದಿಯಲ್ಲಿರುವವರಿಗೆ ಸ್ಪಷ್ಟವಾಗಿ ಕೇಳುವ ವಿನೋದವೂ ಉಂಟು. ದನಿಯ ಈ ಚಮತ್ಕಾರವನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ನಾವು ಇಲ್ಲಿ ಕೇಳುವ ಪ್ರಶ್ನೆ ಬೇರೆ. ನೆಲದಿಂದ 109 ಅಡಿ ಎತ್ತರದಲ್ಲಿ, ಹನ್ನೆರಡು ಅಡಿಗೂ ಹೆಚ್ಚು ಅಗಲವಾದ ಈ ಗ್ಯಾಲರಿ ಇರುವುದಾದರೂ ಏಕೆ? ಕೂಗುವವರ ಸಂತೋಷಕ್ಕಾಗಿ ಅಲ್ಲವೆಂಬುದು ನಿಶ್ಚಯ.

ಮೊದಲು ಕಟ್ಟಡದ ಅಳತೆಯನ್ನು ಗಮನಿಸೋಣ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಒಳಗಿನ ಸಭಾಂಗಣ ಸುಮಾರು 135 ಅಡಿಯ ಚೌಕ; ಅಂದರೆ ಹದಿನೆಂಟು ಸಾವಿರ ಚದರ ಅಡಿಗೂ ಮಿಕ್ಕ ನೆಲ, ನಡುವೆ ಒಂದೇ ಒಂದು ಕಂಬವಿಲ್ಲ. ಮೇಲಿನ ಗುಮ್ಮಟದ ಒಳವ್ಯಾಸ 124 ಅಡಿ 5 ಅಂಗುಲ, ದಪ್ಪ ಸುಮಾರು 10 ಅಡಿ. ಹಳೆಯ ಕಾಲದ ಗುಮ್ಮಟಗಳಲ್ಲಿ ಇದಕ್ಕಿಂತ ಅಗಲವಾದುವು ಬೆರಳೆಣಿಕೆಯಷ್ಟೇ: ರೋಮಿನ ಪ್ಯಾಂಥಿಯನ್ 142 ಅಡಿ, ಅದೇ ನಗರದ ಸಂತ ಪೀಟರನ ದೇಗುಲ ಸುಮಾರು 138 ಅಡಿ. ಗೋಲಗುಮ್ಮಟದ ಗೋಲವನ್ನು ಅರ್ಧಗೋಳವೆಂದು ಎಣಿಸಿ ಇಟ್ಟಿಗೆ ಗಾರೆಗಳ ತೂಕವನ್ನು ಗುಣಿಸಿ ನೋಡಿದರೆ, ಭಾರವು ಹತ್ತು ಸಾವಿರ ಟನ್ನನ್ನು ಸುಲಭವಾಗಿ ಮೀರುತ್ತದೆ.

ಇಷ್ಟು ಭಾರವನ್ನು ಹೊರುವುದು ನಿಜವಾಗಿ ದೊಡ್ಡ ಕಷ್ಟವಲ್ಲ. ಕಲ್ಲು, ಇಟ್ಟಿಗೆಗಳು ಒತ್ತಡವನ್ನು ಧಾರಾಳವಾಗಿ ತಾಳುತ್ತವೆ. ಕಷ್ಟವಿರುವುದು ಬೇರೆ ಕಡೆ. ಎರಡು ಬಿದಿರುಗಳನ್ನು ತುದಿಗೆ ತುದಿ ಆನಿಸಿ ನಿಲ್ಲಿಸಿದರೆ, ಅವುಗಳ ಬುಡಗಳು ಎರಡು ಕಡೆಗೂ ಜಾರಲು ನೋಡುತ್ತವೆ. ಕಮಾನಿನ ಸ್ವಭಾವವೂ ಇದೇ. ಗುಮ್ಮಟವೆಂದರೆ ಸುತ್ತಲೂ ನಿಂತ ಕಮಾನುಗಳ ಒಂದು ಸಮೂಹವೆಂದು ಭಾವಿಸಬಹುದು. ಅದರ ನೆತ್ತಿಯ ಭಾಗದಲ್ಲಿ ಇಟ್ಟಿಗೆಯ ಸುತ್ತುಗಳು ಒಂದನ್ನೊಂದು ಒತ್ತಿಕೊಂಡು ಭದ್ರವಾಗಿರುತ್ತವೆ. ಕೆಳಕ್ಕೆ ಇಳಿದಂತೆ ಈ ಒತ್ತಡ ಕಡಿಮೆಯಾಗುತ್ತ ಬಂದು, ಅರ್ಧಗೋಳವಾದರೆ ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿದ ಮೇಲೆ ಸೆಳೆತವಾಗಿ ಮಾರ್ಪಡುತ್ತದೆ. ಎಂದರೆ ಬುಡದ ಸುತ್ತುಗಳು ಅರಳಿ ಬಿರಿಯಲು ಹವಣಿಸುತ್ತವೆ. ಸೆಳೆತವನ್ನು ತಾಳುವ ಶಕ್ತಿಯಾದರೋ ಇಟ್ಟಿಗೆಗೆ ಅತ್ಯಲ್ಪ. ಗಾಡಿಯ ಗಾಲಿಗೆ ಕಾದ ಕಬ್ಬಿಣದ ಪಟ್ಟಿ ತೊಡಿಸಿ ಬಿಗಿಯುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಗುಮ್ಮಟಕ್ಕೂ ಅಂತಹ ಪಟ್ಟಿಯೊಂದು ಬೇಕು. ಇಲ್ಲವಾದರೆ ಬುಡವನ್ನು ಹೊರಗಿನಿಂದ ಅಲುಗಾಡದಂತೆ ಹಿಡಿಯುವ ಬೇರೆ ಉಪಾಯ ಬೇಕು.

ಈ ಮಾತನ್ನು ಲಘುವಾಗಿ ತಿಳಿದವರು ತಕ್ಕ ಬೆಲೆ ತೆತ್ತಿದ್ದಾರೆ. ಇಸ್ತಾಂಬುಲಿನ ಹಾಗಿಯಾ ಸೋಫಿಯಾ 537ರಲ್ಲಿ ಮುಗಿಯಿತು. ಅದರ ಮೊದಲ ಗುಮ್ಮಟ ತಗ್ಗಾಗಿತ್ತು. ಗುಮ್ಮಟ ಎಷ್ಟು ಚಪ್ಪಟೆಯೋ ಹೊರಕ್ಕೆ ತಳ್ಳುವ ಬಲ ಅಷ್ಟು ಹೆಚ್ಚು. ಭೂಕಂಪಗಳ ಪೆಟ್ಟಿಗೂ ಸಿಕ್ಕಿ 558ರಲ್ಲಿ ಅದು ಕುಸಿಯಿತು. ಮರಳಿ ಕಟ್ಟಿದವರು ಎತ್ತರವನ್ನು ಸುಮಾರು ಇಪ್ಪತ್ತು ಅಡಿ ಹೆಚ್ಚಿಸಬೇಕಾಯಿತು. ಸಂತ ಪೀಟರನ ಗುಮ್ಮಟದಲ್ಲಿ, ಕಟ್ಟುವಾಗಲೇ ಕಬ್ಬಿಣದ ಸರಪಳಿಗಳನ್ನು ಹುದುಗಿಸಿದ್ದರೂ, ಕೆಳಗಿನಿಂದ ಮೇಲಕ್ಕೆ ಬಿರುಕುಗಳು ಓಡಿದವು. ಜನರು ಗಾಬರಿಗೊಂಡಾಗ, 1740ರ ದಶಕದಲ್ಲಿ, ಜೊವಾನಿ ಪೊಲೇನಿ ಎಂಬ ವಿದ್ವಾಂಸನು ಅದನ್ನು ಪರೀಕ್ಷಿಸಿದನು. ಆತನ ವಿಧಾನ ಬಹು ಸೊಗಸಾದದ್ದು. ತೂಗುಬಿಟ್ಟ ಸರಪಳಿ ಯಾವ ಆಕಾರ ತಳೆಯುವುದೋ ಅದನ್ನು ತಲೆಕೆಳಗು ಮಾಡಿದರೆ ಕಮಾನಿಗೆ ಯೋಗ್ಯವಾದ ಆಕಾರ ದೊರೆಯುವುದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲೇ ಸೂಚಿಸಿದ್ದನು. ಪೊಲೇನಿ ಗುಮ್ಮಟದ ಒಂದು ತೊಳೆಯ ತೂಕಕ್ಕೆ ಅನುಗುಣವಾಗಿ ಸರಪಳಿಗೆ ಗುಂಡುಗಳನ್ನು ಕಟ್ಟಿ ತೂಗುಬಿಟ್ಟು, ಆ ಗೆರೆಯು ಗುಮ್ಮಟದ ದಪ್ಪದೊಳಗೇ ಅಡಗುವುದನ್ನು ಕಂಡನು. ಬಿರುಕಿದ್ದರೂ ಗುಮ್ಮಟ ಬೀಳದು ಎಂದು ಅದರ ಅರ್ಥ. ಹಾಗಿದ್ದೂ ಹೊಸ ಕಬ್ಬಿಣದ ಬಳೆಗಳನ್ನು ಬಿಗಿಸಿದರು. ಬುದ್ಧಿವಂತಿಕೆಯೇ ಸರಿ.

ಇನ್ನು ಪ್ಯಾಂಥಿಯನ್ ಕಟ್ಟಿದವರದು ನೇರವಾದ ಮಾರ್ಗ: ಗೋಡೆಯನ್ನೇ ಇಪ್ಪತ್ತು ಅಡಿ ದಪ್ಪ ಮಾಡಿಬಿಟ್ಟರು. ಗೋಲಗುಮ್ಮಟದ ಗೋಡೆಯ ದಪ್ಪ ಸುಮಾರು ಹತ್ತೇ ಅಡಿ. ಹೊರಗಿನಿಂದ ಆನಿಸಿದ ಒತ್ತುಗೋಡೆಗಳೂ ಇಲ್ಲಿ ಕಾಣುವುದಿಲ್ಲ. ಮೂಲೆಗಳಲ್ಲಿ ಎಂಟು ಮೂಲೆಯ ನಾಲ್ಕು ಗೋಪುರಗಳಿರುವುದೇನೋ ನಿಜ. ಆದರೆ ಇಷ್ಟು ದೊಡ್ಡ ಬಲವನ್ನು ತಡೆಯಲು ಅವೇ ಸಾಕೆಂದು ಹೇಳಲಾಗದು.

ಗುಟ್ಟು ಒಳಗಿದೆ. ಸಭಾಂಗಣದಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಎಂಟು ಮಹಾ ಕಮಾನುಗಳು ಒಂದನ್ನೊಂದು ಹಾಯ್ದು ಹೋಗುವುದು ಕಾಣುತ್ತದೆ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟರೆ ಎಂಟು ಮೂಲೆಯ ನಕ್ಷತ್ರವಾಗುವುದಷ್ಟೆ. ಈ ಕಮಾನುಗಳ ನಕ್ಷೆ ಅದೇ. ಕಮಾನುಗಳ ನಡುವೆ ಬಾಗಿದ ಮೈಗಳು ಗೋಡೆಯಿಂದ ಮುಂದಕ್ಕೆ ಚಾಚಿ ಬರುತ್ತವೆ. ಅವನ್ನು ಒಳಚಾಚುಗಳು ಎಂದು ಕರೆಯೋಣ. 57 ಅಡಿ ಎತ್ತರದಲ್ಲಿ ಆರಂಭವಾಗುವ ಇವು ಚೌಕವನ್ನು ಕ್ರಮಕ್ರಮವಾಗಿ ಕಿರಿದುಗೊಳಿಸಿ, ಮೇಲ್ತುದಿಯಲ್ಲಿ 97 ಅಡಿ ವ್ಯಾಸದ ಒಂದು ವೃತ್ತವನ್ನು ಉಳಿಸುತ್ತವೆ. ಚೌಕದ ಮೇಲೆ ವೃತ್ತವನ್ನು ಕೂರಿಸಲು ಇಷ್ಟೊಂದು ಚಾಚಬೇಕಾಗಿರಲಿಲ್ಲ. 124 ಅಡಿಯ ಗುಮ್ಮಟಕ್ಕೆ 124 ಅಡಿಯ ವೃತ್ತವೇ ಸಾಕಾಗಿತ್ತು. ಹೆಚ್ಚಾಗಿ ಚಾಚಿದ ಆ ಭಾಗವೇ ನಾವು ಕೂಗುತ್ತ ನಿಲ್ಲುವ ಗ್ಯಾಲರಿ.

ಸೊಂಟದಲ್ಲಿ ತುಂಬಿದ ಕೊಡವನ್ನು ಹೊತ್ತವಳು ಇನ್ನೊಂದು ಮಗ್ಗುಲಿಗೆ ವಾಲಿ ನಡೆಯುವುದನ್ನು ನೋಡಿದ್ದೇವೆ. ಗುಮ್ಮಟವು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ತೂಗಿ ನಿಂತ ಒಳಚಾಚುಗಳ ಅಗಾಧ ಭಾರ ಅದೇ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ಸರಿದೂಗಿಸುತ್ತದೆ. ಅಲ್ಲದೆ, ಓರೆಯಾಗಿ ಹೊರಕ್ಕೆ ಸಾಗುವ ಬಲದೊಡನೆ ನೆಟ್ಟಗೆ ಕೆಳಕ್ಕಿಳಿಯುವ ಭಾರ ಕೂಡಿದಾಗ, ಒಟ್ಟು ಬಲದ ಗೆರೆ ಹೆಚ್ಚು ಕಡಿದಾಗಿ, ಗೋಡೆಯ ದಪ್ಪದೊಳಗೇ ನೆಲ ಸೇರುತ್ತದೆ. ಗುಮ್ಮಟದ ಹೊರವ್ಯಾಸ 144 ಅಡಿ, ಸಭಾಂಗಣದ ಅಗಲ 135 ಅಡಿ ಎಂಬುದನ್ನು ಹೋಲಿಸಿದರೆ ಇನ್ನೊಂದು ಸ್ವಾರಸ್ಯ ತಿಳಿಯುತ್ತದೆ: ಗೋಡೆಗಳ ನಡುಭಾಗದಲ್ಲಿ ಕೂಡ ಗುಮ್ಮಟದ ದಪ್ಪದ ಸುಮಾರು ಅರ್ಧ ಮಾತ್ರ ಗೋಡೆಯ ಮೇಲಿದೆ, ಉಳಿದರ್ಧ ಒಳಚಾಚಿನ ಮೇಲೆ ನಿಂತಿದೆ. ಮೂಲೆಗಳ ಕಡೆಗಂತೂ ಅದು ಪೂರ್ತಿಯಾಗಿ ಒಳಚಾಚಿನದೇ ಹೊಣೆ.

ಈ ಸಮತೋಲವನ್ನು ಎತ್ತಿ ತೋರಿದವರಲ್ಲಿ ಹತ್ತೊಂಬತ್ತನೆಯ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಮುಖ್ಯನು. ಒಳ್ಳೆಯ ಸುಣ್ಣದ ಗಾರೆಯಲ್ಲಿ ಇಟ್ಟಿಗೆಗಳು ಬೆಸೆದು ಗುಮ್ಮಟವೆಲ್ಲ ಒಂದೇ ಬಂಡೆಯಂತಾಗಿದೆ, ಆದುದರಿಂದ ಅದು ಹೊರಕ್ಕೆ ತಳ್ಳುವುದೇ ಇಲ್ಲ ಎಂದು ವಾದಿಸಲೂಬಹುದು. ನಮಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ಗಾರೆ ಬಲವಾದುದೇ ಸರಿ, ಆದರೆ ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ, ಬಹಳ ನಿಧಾನವಾಗಿ. ಹತ್ತು ಅಡಿ ದಪ್ಪದ ಒಡಲಲ್ಲಿ ಅದು ಗಟ್ಟಿಯಾಗುವವರೆಗೆ, ಕಟ್ಟಡ ತನ್ನ ಭಾರವನ್ನು ಹೊತ್ತೇ ನಿಲ್ಲಬೇಕಲ್ಲವೆ? ಆ ಹಸಿ ವರ್ಷಗಳಲ್ಲಿ ಗುಮ್ಮಟವನ್ನು ಕಾದದ್ದು ಆಕಾರವೂ ತೂಕದ ಹಂಚಿಕೆಯೂ ಎಂದೇ ನಮ್ಮ ಊಹೆ.

ವಿಜಯಪುರದ ಶಿಲ್ಪಿಗಳು ಇದನ್ನು ಒಂದೇ ಹಾರಿಗೆ ಸಾಧಿಸಲಿಲ್ಲ. ಹದಿನಾರನೆಯ ಶತಮಾನದಲ್ಲಿ ಆರಂಭವಾದ ಅದೇ ಊರಿನ ಜಾಮಿ ಮಸೀದಿಯ ಗುಮ್ಮಟದಡಿಯಲ್ಲೂ, ಚಿಕ್ಕ ಪ್ರಮಾಣದಲ್ಲಿ, ಇಂತಹುದೇ ಹೆಣೆದ ಕಮಾನುಗಳಿವೆ. ಗೋಲಗುಮ್ಮಟ ನೋಡಲು ಹೋಗುವವರು ಮೊದಲು ಅಲ್ಲಿ ಹೋಗಿ ತಲೆಯೆತ್ತಿ ನೋಡುವುದು ಒಳ್ಳೆಯದು. ಬಳಿಕ ಗ್ಯಾಲರಿಗೆ ಹತ್ತಿ, ಕೂಗುವುದು ಮುಗಿದ ಮೇಲೆ, ಒಳ ಅಂಚಿನಿಂದ ಜಾಗ್ರತೆಯಾಗಿ ಕೆಳಕ್ಕೆ ಬಗ್ಗಿ ನೋಡಬೇಕು. ನೂರು ಅಡಿಗೂ ಕೆಳಗೆ ಸುಲ್ತಾನನ ಗೋರಿಯ ಪ್ರತಿಕೃತಿ ಕಾಣುತ್ತದೆ. ನಾವು ನಿಂತ ಅಂಚಿನ ಕೆಳಗೆ ಮಾತ್ರ ಗೋಡೆ ಇಲ್ಲ.